ಗೇಟಾ ಎಂಬ ಅಧಿಕಾರಿ: ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಸರಣಿಯ ರಾಜಕೀಯ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೈಜ್ಞಾನಿಕ ಕತೆಗಳ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಒಂದೇ ಮಾತು ಕೇಳಿದೆ. ಒಂದೇ ಸರಣಿ, ಅದರಲ್ಲೂ ಒಂದು ಚಿಕ್ಕ ಪಾತ್ರ, ಅಷ್ಟನ್ನೇ ಹಿಡಿದು ಮಾತಾಡಬಹುದಾ? ಸಂಘಟಕರು ಒಪ್ಪಿದರು. ಅವರಿಗೆ ಮೊದಲು ಥ್ಯಾಂಕ್ಸ್ ಹೇಳಬೇಕು.

ಅದೊಂದು ಅಮೆರಿಕದ ಟಿವಿ ಸರಣಿ, ಹೆಸರು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. 1978ರಲ್ಲಿ ಇದೇ ಹೆಸರಿನ ಹಳೆಯ ಸರಣಿ ಬಂದಿತ್ತು. ನಾನು ಹೇಳುತ್ತಿರುವುದು ರೊನಾಲ್ಡ್ ಡಿ. ಮೂರ್ ಮತ್ತು ಡೇವಿಡ್ ಐಕ್ ಹೊಸದಾಗಿ ಕಟ್ಟಿದ್ದರ ಬಗ್ಗೆ. 2003ರ ಡಿಸೆಂಬರಿನಲ್ಲಿ ಎರಡು ಭಾಗದ ಕಿರುಸರಣಿಯಾಗಿ ಶುರುವಾಗಿ, 2009ರ ಮಾರ್ಚಿನಲ್ಲಿ ಮುಗಿಯಿತು. ಕತೆಯ ಕೊನೆಯವರೆಗೂ ಹೋಗುತ್ತೇನೆ, ಯಾವುದನ್ನೂ ಮುಚ್ಚಿಡುವುದಿಲ್ಲ. ಕತೆ ಗೊತ್ತಿದ್ದರೂ ನೋಡಬೇಕು ಅನ್ನಿಸುವ ಸರಣಿ ಇದು. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಗ್ಯಾಲಾಕ್ಟಿಕಾದ ಅಭಿಮಾನಿಗಳು ಸೇರಿದರೆ ಮಾತು ಹೋಗುವುದು ಬಾಹ್ಯಾಕಾಶ ಯುದ್ಧನೌಕೆಯ ಕಮಾಂಡರ್ ಅಡಾಮಾ ಕಡೆ, ಪೈಲಟ್ ಸ್ಟಾರ್‌ಬಕ್ ಕಡೆ, ಅಧ್ಯಕ್ಷೆ ರಾಸ್ಲಿನ್ ಕಡೆ. ಅವರೆಲ್ಲ ನನಗೂ ಇಷ್ಟ. ಆದರೆ ಈ ಸರಣಿಯ ರಾಜಕೀಯ ಪೂರ್ತಿ ಅರ್ಥವಾಗಬೇಕಾದರೆ ಫೀಲಿಕ್ಸ್ ಗೇಟಾನನ್ನು ನೋಡಬೇಕು. ಅವನು ಒಬ್ಬ ಲೆಫ್ಟಿನೆಂಟ್. ಹಡಗಿನ ನಿಯಂತ್ರಣ ಕೊಠಡಿಯಲ್ಲಿ ನಿಂತು ಲೆಕ್ಕ ನೋಡುವವನು. ಅಲೆಸಾಂಡ್ರೊ ಜೂಲಿಯಾನಿ ಆ ಪಾತ್ರ ಮಾಡಿದ್ದಾರೆ. ಮೊದಲ ವರ್ಷದಲ್ಲಿ ಅವನ ಮುಖ ನೆನಪಿನಲ್ಲಿ ಉಳಿಯುವುದೂ ಕಷ್ಟ. ಕೊನೆಯ ವರ್ಷದ ಹೊತ್ತಿಗೆ ಅವನ ಹೆಸರು ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ.

ಹೊಸಬರಿಗಾಗಿ ಕತೆಯ ತಳಪಾಯ ಬೇಗ ಹೇಳಿಬಿಡುತ್ತೇನೆ. ಹನ್ನೆರಡು ಗ್ರಹಗಳಲ್ಲಿ ಮನುಷ್ಯರಿದ್ದಾರೆ. ಅವರು ಮಾಡಿದ ಯಂತ್ರಗಳೇ ಸೈಲಾನ್‌ಗಳು. ಅವು ತಿರುಗಿಬಿದ್ದು ಯುದ್ಧವಾಗಿ, ಕದನವಿರಾಮವಾಗಿ, ನಲವತ್ತು ವರ್ಷ ಕಳೆದಿದೆ. ಒಂದು ದಿನ ಅವು ಅಣುಬಾಂಬ್ ಹಿಡಿದು ವಾಪಸ್ ಬರುತ್ತವೆ. ಈ ಸಲ ಅವುಗಳಲ್ಲಿ ಕೆಲವು ಥೇಟ್ ಮನುಷ್ಯರ ಹಾಗೇ ಇವೆ. ಹನ್ನೆರಡು ಗ್ರಹಗಳೂ ಸುಟ್ಟುಹೋಗುತ್ತವೆ. ಉಳಿಯುವ ಯುದ್ಧನೌಕೆ ಗ್ಯಾಲಾಕ್ಟಿಕಾ. ಅದನ್ನು ಸೇವೆಯಿಂದ ತೆಗೆದು ಮ್ಯೂಸಿಯಂ ಮಾಡುವುದು ಅಂತ ತೀರ್ಮಾನವಾಗಿತ್ತು. ಅದರ ಕಂಪ್ಯೂಟರ್‌ಗಳು ಒಂದಕ್ಕೊಂದು ಜೋಡಿಸಿಲ್ಲ, ಒಳಗೆ ಮಾತಾಡಲು ವೈರಿನ ಫೋನು. ಹೊಸ ಹಡಗುಗಳ ವ್ಯವಸ್ಥೆಯೊಳಗೆ ಸೈಲಾನ್‌ಗಳು ನುಗ್ಗಿ ಎಲ್ಲ ಆರಿಸಿಬಿಟ್ಟರೂ, ಈ ಹಳೆಯ ಹಡಗಿನೊಳಗೆ ನುಗ್ಗಲು ದಾರಿಯೇ ಇರಲಿಲ್ಲ. ಅದರ ಹಿಂದೆ ಒಂದಿಷ್ಟು ನಾಗರಿಕ ಹಡಗುಗಳು. ಒಟ್ಟು ಸುಮಾರು 50,000 ಜನ. ಮನುಷ್ಯಕುಲದಲ್ಲಿ ಉಳಿದವರು ಅಷ್ಟೇ.

ಸರ್ಕಾರದಲ್ಲಿ ಉಳಿದವರು ಯಾರು? ಅಧ್ಯಕ್ಷರಾಗುವ ಸಾಲಿನಲ್ಲಿ 43ನೆಯವರಾಗಿದ್ದ ಶಿಕ್ಷಣ ಕಾರ್ಯದರ್ಶಿ ಲಾರಾ ರಾಸ್ಲಿನ್. ಮೇರಿ ಮೆಕ್‌ಡಾನೆಲ್ ಈ ಪಾತ್ರದಲ್ಲಿದ್ದಾರೆ. ಹಡಗಿನೊಳಗೇ ಕೈ ಎತ್ತಿ ಪ್ರಮಾಣವಚನ ತೆಗೆದುಕೊಳ್ಳುವ ದೃಶ್ಯ ನೋಡಿದ ಅಮೆರಿಕದ ಪ್ರೇಕ್ಷಕರಿಗೆ ತಕ್ಷಣ 1963ರ ಒಂದು ಫೋಟೋ ನೆನಪಾಗುತ್ತದೆ. ಕೆನಡಿ ಹತ್ಯೆಯಾದ ದಿನ ವಿಮಾನದೊಳಗೆ ಲಿಂಡನ್ ಜಾನ್ಸನ್ ಪ್ರಮಾಣ ತೆಗೆದುಕೊಂಡ ಫೋಟೋ. ಹಡಗಿನ ಓಣಿಯ ಗೋಡೆಗೆ ಜನ ಸತ್ತವರ, ಕಾಣೆಯಾದವರ ಫೋಟೋ ಅಂಟಿಸುತ್ತಾರೆ. 2001ರ ಸೆಪ್ಟೆಂಬರ್ ನಂತರ ನ್ಯೂಯಾರ್ಕಿನ ಬೀದಿಗಳಲ್ಲಿ ಹೀಗೇ ಫೋಟೋ ಅಂಟಿಸಿದ್ದರು. ಸರಣಿ ಬಂದಾಗ ಆ ಗಾಯ ಇನ್ನೂ ಹಸಿಯಾಗಿತ್ತು. ಇರಾಕ್ ಯುದ್ಧ ನಡೆಯುತ್ತಿತ್ತು. ಅಲ್ಲಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಫೋಟೋಗಳು 2004ರಲ್ಲಿ ಹೊರಗೆ ಬಂದಿದ್ದವು.

ಇಲ್ಲಿ ಕೂತವರಿಗೆ ಇಷ್ಟವಾಗುವ ಇನ್ನೊಂದು ವಿಷಯ ಹೇಳಬೇಕು. ಈ ಸರಣಿಯ ಶೀರ್ಷಿಕೆ ಸಂಗೀತದಲ್ಲಿ ಹಾಡುವುದು ಗಾಯತ್ರಿ ಮಂತ್ರವನ್ನು. ನಿಧಾನವಾಗಿ, ದುಃಖದ ಧಾಟಿಯಲ್ಲಿ ಒಂದು ಹೆಣ್ಣುದನಿ ‘ಓಂ ಭೂರ್ಭುವಃ ಸ್ವಃ’ ಅಂತ ಶುರುಮಾಡುತ್ತದೆ. ದಿನಾ ಕಿವಿಗೆ ಬೀಳುವ ಸಾಲುಗಳು, ಆದರೂ ಮೊದಲ ಸಲ ಗುರುತೇ ಸಿಗುವುದಿಲ್ಲ. ಸಿಕ್ಕಾಗ ಮೈ ಜುಮ್ಮೆನ್ನುತ್ತದೆ.

ಈಗ ಗೇಟಾ.

ಮೊದಲ ಪೂರ್ಣ ಸಂಚಿಕೆಯ ಹೆಸರು ‘33’. ಅದಕ್ಕೆ 2005ರಲ್ಲಿ, ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಪ್ರತಿ 33 ನಿಮಿಷಕ್ಕೆ ಸೈಲಾನ್‌ಗಳು ಬಂದು ಮೇಲೆ ಬೀಳುತ್ತವೆ. ಅಷ್ಟರೊಳಗೆ ಎಲ್ಲ ಹಡಗುಗಳೂ ಇನ್ನೊಂದು ಜಾಗಕ್ಕೆ ಜಿಗಿಯಬೇಕು. ಐದು ದಿನದಿಂದ ಯಾರೂ ನಿದ್ದೆ ಮಾಡಿಲ್ಲ. ಕಣ್ಣು ಕೆಂಪಾಗಿವೆ, ಗಡ್ಡ ಬೆಳೆದಿದೆ, ಸಣ್ಣ ಮಾತಿಗೂ ರೇಗುತ್ತಾರೆ. ಜಿಗಿತದ ಲೆಕ್ಕ ನೋಡುವವರಲ್ಲಿ ಗೇಟಾ ಒಬ್ಬ. ಒಂದು ಸಲ ಅವನ ಲೆಕ್ಕ ತಪ್ಪಿದರೂ ಕತೆ ಮುಗಿಯಿತು. ಅದೇ ಸಂಚಿಕೆಯಲ್ಲಿ ಸಾವಿರಕ್ಕೂ ಜಾಸ್ತಿ ಜನ ಹತ್ತಿದ್ದ ಒಂದು ಹಡಗನ್ನು ನಮ್ಮವರೇ ಹೊಡೆದು ಉರುಳಿಸುತ್ತಾರೆ. ಅದರ ಜಾಡು ಹಿಡಿದು ಶತ್ರು ಬರುತ್ತಿದೆ ಎಂಬ ಗುಮಾನಿ. ಅದರೊಳಗೆ ಆಗ ಜನ ಇದ್ದರೋ ಇಲ್ಲವೋ ಎನ್ನುವುದನ್ನು ಕೊನೆಗೂ ಖಚಿತವಾಗಿ ಹೇಳುವುದಿಲ್ಲ. ರಾಸ್ಲಿನ್ ಕೋಣೆಯಲ್ಲಿ ಒಂದು ಬಿಳಿ ಬೋರ್ಡ್ ಇದೆ. ಬದುಕುಳಿದವರ ಸಂಖ್ಯೆಯನ್ನು ಅದರ ಮೇಲೆ ಕೈಯಲ್ಲಿ ಬರೆಯುತ್ತಾರೆ, ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ. ಸಂಚಿಕೆಯ ಕೊನೆಗೆ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ. ರಾಸ್ಲಿನ್ ಎದ್ದು ಹೋಗಿ ಒಂದನ್ನು ಕೂಡಿಸಿ 47,973 ಅಂತ ಬರೆಯುತ್ತಾರೆ. ಒಂದು ಸರ್ಕಾರ ಎಂದರೆ ಏನು ಅಂತ ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ವರ್ಷದ ಕೊನೆಯಲ್ಲಿ ಚುನಾವಣೆ ಬರುತ್ತದೆ. ರಾಸ್ಲಿನ್ ಎದುರು ನಿಂತವನು ಗೈಯಸ್ ಬಾಲ್ಟಾರ್. ದೊಡ್ಡ ವಿಜ್ಞಾನಿ, ಮಾತಿನ ಮಲ್ಲ, ಎದೆಯೊಳಗೆ ಬರೀ ಭಯ. ವಾಸಕ್ಕೆ ಆಗಬಹುದಾದ ಒಂದು ಚಳಿಗ್ರಹ ಆಗಷ್ಟೇ ಸಿಕ್ಕಿರುತ್ತದೆ. ಅದಕ್ಕೆ ನ್ಯೂ ಕ್ಯಾಪ್ರಿಕಾ ಅಂತ ಹೆಸರು. ಓಡಿ ಓಡಿ ಸಾಕಾದ ಜನಕ್ಕೆ ಬಾಲ್ಟಾರ್ ಹೇಳುತ್ತಾನೆ, ಇಳಿಯೋಣ, ಮನೆ ಕಟ್ಟೋಣ. ಇಳಿದರೆ ಸೈಲಾನ್‌ಗಳು ಹುಡುಕಿಕೊಂಡು ಬರುತ್ತವೆ ಅನ್ನುವುದು ರಾಸ್ಲಿನ್ ವಾದ. ಜನ ಬಾಲ್ಟಾರ್‌ಗೆ ಮತ ಹಾಕುತ್ತಾರೆ. ರಾಸ್ಲಿನ್ ಕಡೆಯವರು ಮತಪತ್ರ ಬದಲಾಯಿಸುತ್ತಾರೆ. ನಾವು ಎರಡು ವರ್ಷದಿಂದ ಪ್ರೀತಿಸಿಕೊಂಡು ಬಂದ ರಾಸ್ಲಿನ್‌ಗೆ ಇದು ಗೊತ್ತು.

ಕಂಡುಹಿಡಿಯುವವನು ಗೇಟಾ. ಒಂದು ಹಡಗಿನಿಂದ ಬಂದ ಮತಪತ್ರಗಳಲ್ಲಿ ಏನೋ ಸರಿಯಿಲ್ಲ ಅಂತ ಅವನ ಕಣ್ಣಿಗೆ ಬೀಳುತ್ತದೆ. ಸುಮ್ನೆ ಬಿಡಬಹುದಿತ್ತು. ಬಿಡುವುದಿಲ್ಲ. ಮೇಲಿನವರಿಗೆ ಹೇಳುತ್ತಾನೆ. ಮಾತು ಅಡಾಮಾವರೆಗೆ ಹೋಗುತ್ತದೆ. ಅಡಾಮಾ ರಾಸ್ಲಿನ್ ಎದುರು ಕೂತು ಕೇಳುತ್ತಾರೆ. ಆಕೆ ಒಪ್ಪಿಕೊಳ್ಳುತ್ತಾರೆ, ಬಾಲ್ಟಾರ್ ಅಧ್ಯಕ್ಷನಾಗುತ್ತಾನೆ. ಆಮೇಲೆ ಆಗುವುದು ರಾಸ್ಲಿನ್ ಹೇಳಿದ ಹಾಗೆಯೇ. ಒಂದು ವರ್ಷ ಕಳೆದ ಮೇಲೆ ಸೈಲಾನ್ ಹಡಗುಗಳು ಬಂದಿಳಿಯುತ್ತವೆ. ಇಡೀ ಊರು ಅವುಗಳ ಬೂಟಿನ ಕೆಳಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗೇಟಾ ಮಾಡಿದ್ದು ಸರಿಯೇ? ನನ್ನ ಪ್ರಕಾರ ನೂರಕ್ಕೆ ನೂರು ಸರಿ. ಮತ ಎಣಿಸುವವನು ಗೆದ್ದವರು ಯಾರು ಅಂತ ಹೇಳಬೇಕು, ಯಾರು ಗೆದ್ದಿದ್ದರೆ ಒಳ್ಳೆಯದಿತ್ತು ಅಂತ ಯೋಚಿಸಬಾರದು. ಆದರೆ ಸರಣಿ ನಮಗೆ ಸುಲಭದ ಸಮಾಧಾನ ಕೊಡುವುದಿಲ್ಲ. ಪ್ರಾಮಾಣಿಕ ಕೆಲಸಕ್ಕೆ ಒಳ್ಳೆಯ ಫಲ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯನ್ನು ಕಿತ್ತುಕೊಂಡು, ಆಮೇಲೂ ನೀನು ಅದನ್ನೇ ಮಾಡುತ್ತೀಯಾ ಅಂತ ಕೇಳುತ್ತದೆ.

ಮೂರನೇ ವರ್ಷ 2006ರ ಅಕ್ಟೋಬರಿನಲ್ಲಿ ಶುರುವಾಯಿತು. ಮೊದಲ ನಾಲ್ಕು ಸಂಚಿಕೆ ಪೂರ್ತಿ ನ್ಯೂ ಕ್ಯಾಪ್ರಿಕಾ. ಕೆಸರಿನ ಬೀದಿ, ಡೇರೆಗಳು, ರಾತ್ರಿ ಬಾಗಿಲು ಒಡೆದು ಜನರನ್ನು ಎತ್ತಿಕೊಂಡು ಹೋಗುವ ಮುಖವಾಡದ ಪೊಲೀಸರು. ಆ ಪೊಲೀಸರು ಮನುಷ್ಯರೇ, ಸೈಲಾನ್‌ಗಳಿಗಾಗಿ ಕೆಲಸ ಮಾಡುವವರು. ಬಂಡುಕೋರರ ಮುಖಂಡ ಕರ್ನಲ್ ಟೈ. ಜೈಲಿನಲ್ಲಿ ಅವನ ಒಂದು ಕಣ್ಣು ಕಿತ್ತಿದ್ದಾರೆ. ಡಕ್ ಎಂಬ ಪೈಲಟ್ ಹೆಂಡತಿಯನ್ನು ಕಳೆದುಕೊಂಡಿದ್ದಾನೆ. ಪೊಲೀಸ್ ಪಡೆಗೆ ಸೇರುವವನ ಹಾಗೆ ಒಳಗೆ ಹೋಗಿ, ಅವರ ಸಮಾರಂಭದ ನಡುವೆ ಬಾಂಬ್ ಕಟ್ಟಿಕೊಂಡು ಸಾಯುತ್ತಾನೆ.

ಇದು ಅಮೆರಿಕದ ಟಿವಿಯಲ್ಲಿ, ಅಮೆರಿಕದ ಸೇನೆ ಇರಾಕಿನಲ್ಲಿ ಇದ್ದಾಗ ಬಂತು. ಆತ್ಮಾಹುತಿ ಬಾಂಬ್ ಹಾಕುವವನು ನಮ್ಮ ಪಕ್ಷದವನು. ಅವನ ಹೆಂಡತಿಯ ಹೆಸರೂ ನಮಗೆ ಗೊತ್ತು. ಪ್ರೇಕ್ಷಕರನ್ನು ಆಕ್ರಮಿತರ ಡೇರೆಯೊಳಗೆ ಕೂರಿಸಿ ಹೊರಗಿನ ಬೂಟಿನ ಸದ್ದು ಕೇಳಿಸಿದರು. ಹಾಗಂತ ಅವನು ಮಾಡಿದ್ದು ಸರಿ ಅಂತಲೂ ಹೇಳಲಿಲ್ಲ. ರಾಸ್ಲಿನ್ ಅದನ್ನು ಎದುರಿಗೇ ಖಂಡಿಸುತ್ತಾರೆ. ಟೈ ಜಗ್ಗುವುದಿಲ್ಲ. ಇಬ್ಬರ ಮಾತೂ ನಮಗೆ ತಾಗುತ್ತದೆ.

ಗೇಟಾ ಆಗ ಎಲ್ಲಿದ್ದ? ಬಾಲ್ಟಾರ್ ಕಚೇರಿಯಲ್ಲಿ. ಚುನಾಯಿತ ಅಧ್ಯಕ್ಷನ ಸಹಾಯಕನಾಗಿ ಕೆಲಸಕ್ಕೆ ಸೇರಿದ್ದ. ಸೈಲಾನ್‌ಗಳು ಬಂದ ಮೇಲೂ ಅದೇ ಮೇಜು, ಅದೇ ಫೈಲು. ಹೊರಗಿನವರ ಕಣ್ಣಿಗೆ ಅವನು ದ್ರೋಹಿ.

ಊರಿನ ಕಸ ಹಾಕುವ ಜಾಗದ ಹತ್ತಿರ ಒಂದು ನಾಯಿ ಬಟ್ಟಲು ಇದೆ. ಹಳದಿ ಬಣ್ಣದ್ದು. ಅದು ಬೋರಲಾಗಿದ್ದರೆ ಸಂದೇಶ ಇದೆ ಅಂತ ಅರ್ಥ. ಅಧ್ಯಕ್ಷರ ಕಚೇರಿಯೊಳಗಿನ ಗುಟ್ಟುಗಳು ಹೀಗೆ ಬಂಡುಕೋರರಿಗೆ ತಲುಪುತ್ತಿವೆ. ಎತ್ತಿಕೊಳ್ಳುವವನು ಟೈರಲ್. ಹಿಂದೆ ಗ್ಯಾಲಾಕ್ಟಿಕಾದಲ್ಲಿ ವಿಮಾನ ರಿಪೇರಿ ತಂಡದ ಮುಖ್ಯಸ್ಥ, ಈಗ ಬಂಡುಕೋರ. ಇಡುವವರು ಯಾರು ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾಗಬಾರದು. ಗೊತ್ತಾದರೆ ಒಬ್ಬ ಸಿಕ್ಕಿಬಿದ್ದಾಗ ಇನ್ನೊಬ್ಬನೂ ಸಾಯುತ್ತಾನೆ. ಸೈಲಾನ್‌ಗಳು ಬಾಲ್ಟಾರ್ ತಲೆಗೆ ಪಿಸ್ತೂಲು ಇಟ್ಟು ಸುಮಾರು ಇನ್ನೂರು ಜನರ ಮರಣದಂಡನೆ ಪಟ್ಟಿಗೆ ಸಹಿ ಹಾಕಿಸುತ್ತವೆ. ಆ ಪಟ್ಟಿಯಲ್ಲಿ ಟೈರಲ್ ಹೆಂಡತಿ ಕ್ಯಾಲಿ ಹೆಸರೂ ಇದೆ. ಬಟ್ಟಲಿನ ದಾರಿಯಿಂದ ಬಂದ ಸುದ್ದಿ ಅವಳ ಜೀವ ಉಳಿಸಲು ನೆರವಾಗುತ್ತದೆ.

ಕೊನೆಗೆ ಅಡಾಮಾ ಬಂದು ಜನರನ್ನು ಬಿಡಿಸಿಕೊಂಡು ಹೋಗುತ್ತಾರೆ. ಗ್ಯಾಲಾಕ್ಟಿಕಾ ಸೀದಾ ಗ್ರಹದ ವಾತಾವರಣದೊಳಗೆ ಜಿಗಿದು, ಬೆಂಕಿ ಹತ್ತಿ ಕೆಳಗೆ ಬೀಳುತ್ತಾ ಬೀಳುತ್ತಾ ತನ್ನ ವಿಮಾನಗಳನ್ನು ಹಾರಿಬಿಟ್ಟು, ನೆಲ ಮುಟ್ಟುವ ಮುಂಚೆ ಮತ್ತೆ ಜಿಗಿದು ಮಾಯವಾಗುತ್ತದೆ. ಟಿವಿಯಲ್ಲಿ ಅಂಥ ದೃಶ್ಯ ಮತ್ತೊಂದಿಲ್ಲ ಅಂತ ನಾನು ಬಾಜಿ ಕಟ್ಟಿ ಹೇಳುತ್ತೇನೆ. ಬೇರೆ ಸರಣಿಯಾಗಿದ್ದರೆ ಅಲ್ಲಿಗೆ ಜೈಕಾರ ಹಾಕಿ ಮುಗಿಸುತ್ತಿದ್ದರು. ಇಲ್ಲಿ ಮುಂದಿನ ವಾರವೇ ‘ಕೊಲ್ಯಾಬೊರೇಟರ್ಸ್’ ಎಂಬ ಸಂಚಿಕೆ ಬಂತು.

ಈ ಸಂಚಿಕೆ ಶುರುವಾಗುವುದೇ ಒಂದು ಕೊಲೆಯಿಂದ. ಜ್ಯಾಮರ್ ಅಂತ ಒಬ್ಬ ಹುಡುಗ, ಮೊದಲು ಟೈರಲ್ ಕೈಕೆಳಗೆ ಕೆಲಸ ಮಾಡಿದವನು. ನ್ಯೂ ಕ್ಯಾಪ್ರಿಕಾದಲ್ಲಿ ಪೊಲೀಸ್ ಸೇರಿದ್ದ. ಅವನನ್ನು ಕಟ್ಟಿಹಾಕಿ, ಆರು ಜನರ ಒಂದು ಗುಂಪು ಎದುರಿಗೆ ನಿಂತು ಅಪರಾಧಗಳ ಪಟ್ಟಿ ಓದುತ್ತದೆ. ಅವನು ಬೇಡಿಕೊಳ್ಳುತ್ತಾನೆ. ಕ್ಯಾಲಿಯನ್ನು ಸಾಯಿಸಲು ಒಯ್ದಾಗ ತಪ್ಪಿಸಿ ಬಿಟ್ಟವನು ನಾನೇ ಅನ್ನುತ್ತಾನೆ. ಅದು ನಿಜ ಕೂಡ. ಆದರೂ ಬಾಗಿಲು ತೆರೆದು ಅವನನ್ನು ಹೊರಗೆ, ಗಾಳಿಯಿಲ್ಲದ ಕತ್ತಲಿಗೆ ಬಿಡುತ್ತಾರೆ. ಆ ಆರು ಜನ ನಮ್ಮವರೇ. ಟೈ, ಟೈರಲ್, ಅವರ ಜೊತೆಗಾರರು. ಟೈ ಅಲ್ಲಿ ತನ್ನ ಹೆಂಡತಿಗೇ ಕೈಯಾರೆ ವಿಷ ಕೊಟ್ಟು ಬಂದವನು. ಗಂಡನನ್ನು ಉಳಿಸಿಕೊಳ್ಳಲು ಅವಳು ಬಂಡುಕೋರರ ಗುಟ್ಟನ್ನು ಸೈಲಾನ್‌ಗಳಿಗೆ ಕೊಟ್ಟಿದ್ದಳು. ಅಂಥವನು ಇನ್ನೊಬ್ಬರನ್ನು ಕ್ಷಮಿಸುವುದು ಹೇಗೆ?

ಮುಂದಿನ ಹೆಸರು ಗೇಟಾನದು.

ಆ ದೃಶ್ಯವನ್ನು ದಯವಿಟ್ಟು ಒಂದು ಸಲ ನೋಡಿ. ಗೇಟಾ ಮಂಡಿಯೂರಿ ಕೂತಿದ್ದಾನೆ. ಕೈ ಕಟ್ಟಿದ್ದಾರೆ. ಸ್ಟಾರ್‌ಬಕ್ ಅವನಿಗೆ, ಬೇಡಿಕೋ ಅನ್ನುತ್ತಾಳೆ. ಅವನು ಬೇಡಿಕೊಳ್ಳುವುದಿಲ್ಲ. ಏನು ಹೇಳಬೇಕೋ ಎಲ್ಲ ಮೊದಲೇ ಹೇಳಿದ್ದೇನೆ, ನಂಬದವರಿಗೆ ಮತ್ತೆ ಹೇಳಿ ಏನು ಪ್ರಯೋಜನ ಎನ್ನುವ ಹಾಗೆ ಇದೆ ಅವನ ಮುಖ. ರೇಗಿಸಿದ ಮೇಲೆ, ಸಿಟ್ಟಿನಲ್ಲಿ, ಸಂದೇಶ ಎಲ್ಲಿ ಇಡುತ್ತಿದ್ದೆ ಅಂತ ಹೇಳುತ್ತಾ ನಾಯಿ ಬಟ್ಟಲಿನ ಮಾತು ಎತ್ತುತ್ತಾನೆ. ಟೈರಲ್ ತಲೆ ಎತ್ತುತ್ತಾನೆ. ಆ ಬಟ್ಟಲಿನ ವಿಷಯ ಇಟ್ಟವನಿಗೆ ಮತ್ತು ಎತ್ತಿಕೊಂಡವನಿಗೆ ಬಿಟ್ಟರೆ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಅವನು ಮುಂದೆ ಹೋಗಿ ಗೇಟಾನ ಕಟ್ಟು ಬಿಚ್ಚುತ್ತಾನೆ.

ಒಂದು ಜೀವ ಒಂದು ಬಟ್ಟಲಿನಿಂದ ಉಳಿಯಿತು. ಕಾನೂನಿನಿಂದ ಉಳಿಯಲಿಲ್ಲ. ವಕೀಲ ಇದ್ದಿದ್ದರೆ, ಸಾಕ್ಷಿ ಕರೆದಿದ್ದರೆ, ಬಾಗಿಲು ತೆರೆದಿಟ್ಟು ನಡೆಸಿದ್ದರೆ, ಬಟ್ಟಲಿನ ವಿಷಯ ಮೊದಲ ದಿನವೇ ಹೊರಗೆ ಬರುತ್ತಿತ್ತು. ಜ್ಯಾಮರ್ ಕ್ಯಾಲಿಯನ್ನು ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತಿತ್ತು. ನ್ಯಾಯಾಲಯ ಯಾಕೆ ಬೇಕು ಎನ್ನುವ ಪ್ರಶ್ನೆಗೆ ನಾನು ಈ ಸಂಚಿಕೆಯನ್ನೇ ಉತ್ತರವಾಗಿ ಕೊಡುತ್ತೇನೆ.

ಆಮೇಲೆ ರಾಸ್ಲಿನ್ ಮತ್ತೆ ಅಧ್ಯಕ್ಷರಾಗಿ ಎಲ್ಲರಿಗೂ ಕ್ಷಮಾದಾನ ಘೋಷಿಸುತ್ತಾರೆ. ಯಾರ ಮೇಲೂ ಮೊಕದ್ದಮೆ ಇಲ್ಲ. ಊಟದ ಹಾಲಿನಲ್ಲಿ ಗೇಟಾ ಒಬ್ಬನೇ ಕೂತಿರುತ್ತಾನೆ, ಯಾರೂ ಹತ್ತಿರ ಸುಳಿಯುವುದಿಲ್ಲ. ಟೈರಲ್ ತಟ್ಟೆ ಹಿಡಿದು ಬಂದು ಎದುರಿಗೆ ಕೂರುತ್ತಾನೆ. ಮೊದಲ ಸಲ ನೋಡಿದಾಗ ನನಗೆ ಇದೇ ಸುಖಾಂತ್ಯ ಅನ್ನಿಸಿತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ರಾಸ್ಲಿನ್ ಕ್ಷಮೆ ಕೊಟ್ಟರು, ಆದರೆ ಸತ್ಯ ಎಲ್ಲರೆದುರು ಬರಲಿಲ್ಲ. ಮುಂದಿನ ಸಂಚಿಕೆಗಳಲ್ಲಿ ಎಲ್ಲೂ ಗೇಟಾನನ್ನು ಎಲ್ಲರ ಮುಂದೆ ಕೂರಿಸಿ, ಅವನು ಮಾಡಿದ್ದೇನು, ಅವನಿಗೆ ಆದದ್ದೇನು ಅಂತ ಕೇಳುವ ಒಂದು ಸಭೆ ನಮಗೆ ಕಾಣುವುದಿಲ್ಲ. ಅವನನ್ನು ಕೊಲ್ಲಲು ಹೊರಟವರು ಅದೇ ಓಣಿಯಲ್ಲಿ ಎದುರಾಗುತ್ತಾರೆ. ಟೈ ಅವನ ಮೇಲಧಿಕಾರಿ. ದಿನಾ ಬೆಳಗ್ಗೆ ಅವನಿಗೆ ವರದಿ ಒಪ್ಪಿಸಬೇಕು.

ದಕ್ಷಿಣ ಆಫ್ರಿಕಾದಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡಿದರು. ವರ್ಣಭೇದದ ಆಡಳಿತ ಮುಗಿದ ಮೇಲೆ, 1995ರ ಕಾನೂನಿನಂತೆ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರು. 1996ರಲ್ಲಿ ವಿಚಾರಣೆ ಶುರುವಾಯಿತು. ರೇಡಿಯೋ, ಟಿವಿಯಲ್ಲಿ ಜನ ಕೇಳಿದರು, ನೋಡಿದರು. ಅಲ್ಲಿ ಕ್ಷಮಾದಾನಕ್ಕೆ ಒಂದು ಬೆಲೆ ಇತ್ತು. ಮಾಡಿದ್ದನ್ನು ಪೂರ್ತಿ ಬಾಯಿಬಿಟ್ಟು ಹೇಳಬೇಕು. ಅದು ರಾಜಕೀಯ ಕಾರಣಕ್ಕೆ ಮಾಡಿದ್ದು ಅಂತ ತೋರಿಸಬೇಕು. 7,000ಕ್ಕೂ ಜಾಸ್ತಿ ಜನ ಅರ್ಜಿ ಹಾಕಿದರು, ಬಹುಪಾಲು ಅರ್ಜಿಗಳು ತಿರಸ್ಕೃತವಾದವು. ಆ ಆಯೋಗದ ಬಗ್ಗೆಯೂ ದೂರುಗಳಿವೆ. ಗಂಡನನ್ನು, ಮಗನನ್ನು ಕಳೆದುಕೊಂಡ ಎಷ್ಟೋ ಮನೆಯವರಿಗೆ ನ್ಯಾಯ ಸಿಕ್ಕಿತು ಅನ್ನಿಸಲೇ ಇಲ್ಲ. ಆದರೂ ಅವರ ಮಾತನ್ನು ಎಲ್ಲರೆದುರು ಕೇಳಿ ದಾಖಲು ಮಾಡಿದರು. ಗೇಟಾನಿಗೆ ಅಷ್ಟೂ ಸಿಗಲಿಲ್ಲ.

ಅದರ ಪರಿಣಾಮ ಏನಾಯಿತು ನೋಡಿ. ಬಾಲ್ಟಾರ್ ಸಿಕ್ಕಿಬಿದ್ದ ಮೇಲೆ ಗೇಟಾ ಅವನ ಕುತ್ತಿಗೆಗೆ ಪೆನ್ನಿನಿಂದ ಚುಚ್ಚುತ್ತಾನೆ. ಮೂರನೇ ವರ್ಷದ ಕೊನೆಯಲ್ಲಿ ಬಾಲ್ಟಾರ್ ಮೇಲೆ ವಿಚಾರಣೆ ನಡೆಯುತ್ತದೆ. ಗೇಟಾ ಸಾಕ್ಷಿ ಕಟ್ಟೆ ಹತ್ತಿ, ಬಾಲ್ಟಾರ್ ಆ ಮರಣದಂಡನೆ ಪಟ್ಟಿಗೆ ಒಂದು ಮಾತೂ ಆಡದೆ ಸಹಿ ಹಾಕಿದ ಅಂತ ಪ್ರಮಾಣ ಮಾಡಿ ಹೇಳುತ್ತಾನೆ. ಸುಳ್ಳು. ಪಿಸ್ತೂಲನ್ನು ನಾವೇ ಕಣ್ಣಾರೆ ನೋಡಿದ್ದೇವೆ. ನಕಲಿ ಮತಪತ್ರ ಕಂಡು ಸುಮ್ಮನಿರಲಾರದೆ ಹೋದ ಮನುಷ್ಯ ಈಗ ಸುಳ್ಳುಸಾಕ್ಷಿ ಹೇಳುತ್ತಿದ್ದಾನೆ. ಆ ಗಳಿಗೆಯಲ್ಲಿ ನನಗೆ ಬಾಲ್ಟಾರ್ ಮೇಲೆ ಕನಿಕರ ಬಂತು, ಗೇಟಾ ಮೇಲೆ ಸಂಕಟ ಬಂತು.

ಅದೇ ವಿಚಾರಣೆಯಲ್ಲಿ ಅಡಾಮಾನ ಮಗ ಲೀ ಆಡುವ ಮಾತು ಈ ಸರಣಿಯ ಅತಿ ದೊಡ್ಡ ರಾಜಕೀಯ ಭಾಷಣ. ಅವನು ಬಾಲ್ಟಾರ್ ಪರ ನಿಂತವನು. ನಾವು ಯಾರನ್ನೆಲ್ಲ ಕ್ಷಮಿಸಿದ್ದೇವೆ ಅಂತ ಒಬ್ಬೊಬ್ಬರನ್ನೇ ಹೆಸರಿಸುತ್ತಾ ಹೋಗುತ್ತಾನೆ. ಸರ್ಕಾರವನ್ನು ಸೇನೆಯಿಂದ ಕೆಡವಿದ್ದು, ಆತ್ಮಾಹುತಿ ಬಾಂಬ್, ತನ್ನ ತಂದೆ ಮಾಡಿದ್ದು, ತಾನೇ ಹೊಡೆದುರುಳಿಸಿದ ಆ ನಾಗರಿಕ ಹಡಗು. ನಾವೀಗ ನಾಗರಿಕತೆಯಾಗಿ ಉಳಿದಿಲ್ಲ, ಓಡುತ್ತಿರುವ ಒಂದು ಗ್ಯಾಂಗ್ ಆಗಿದ್ದೇವೆ ಅನ್ನುವುದು ಅವನ ಮಾತಿನ ಸಾರ. ಈ ಒಬ್ಬನನ್ನು ಹೊರಗೆ ಎಸೆದರೆ ನಮ್ಮ ನಾಚಿಕೆಯೂ ಅವನ ಜೊತೆ ಹೋಗುತ್ತದೆ ಅಂತ ಅಂದುಕೊಂಡಿದ್ದೇವೆ ಅನ್ನುತ್ತಾನೆ. ಐದು ನ್ಯಾಯಾಧೀಶರಲ್ಲಿ ಮೂವರು ಬಾಲ್ಟಾರ್‌ನನ್ನು ಬಿಡುತ್ತಾರೆ. ಗೇಟಾ ಹೊತ್ತ ಭಾರ ಹಾಗೇ ಉಳಿಯುತ್ತದೆ.

ಮುಂದಿನದು ಬೇಗ ಹೇಳುತ್ತೇನೆ, ನಿಧಾನವಾಗಿ ಹೇಳಲು ಮನಸ್ಸು ಬರುವುದಿಲ್ಲ. ನಾಲ್ಕನೇ ವರ್ಷದಲ್ಲಿ ಒಂದು ಜಗಳದಲ್ಲಿ ಸಹೋದ್ಯೋಗಿಯೇ ಅವನ ಕಾಲಿಗೆ ಗುಂಡು ಹೊಡೆಯುತ್ತಾನೆ. ಕಾಲು ಕತ್ತರಿಸುತ್ತಾರೆ. ಆಸ್ಪತ್ರೆಯಲ್ಲಿ ಮಲಗಿ ಅವನು ಹಾಡುತ್ತಾನೆ. ಜೂಲಿಯಾನಿ ನಿಜವಾಗಿಯೂ ಒಳ್ಳೆಯ ಗಾಯಕರು, ಅದು ಅವರದೇ ದನಿ. 2008ರ ಕೊನೆಯಲ್ಲಿ ಇಂಟರ್‌ನೆಟ್‌ಗಾಗಿ ‘ದ ಫೇಸ್ ಆಫ್ ದ ಎನಿಮಿ’ ಅಂತ ಹತ್ತು ಪುಟ್ಟ ಭಾಗ ಮಾಡಿದರು. ನ್ಯೂ ಕ್ಯಾಪ್ರಿಕಾದಲ್ಲಿ ಗೇಟಾ ಒಬ್ಬಳು ಸೈಲಾನ್‌ಳನ್ನು ನಂಬಿ, ಬಿಡಿಸಬೇಕಾದ ಕೈದಿಗಳ ಹೆಸರು ಕೊಡುತ್ತಿದ್ದ ಅಂತ ಅಲ್ಲಿ ತಿಳಿಯುತ್ತದೆ. ಅವಳು ಆ ಹೆಸರುಗಳನ್ನು ಕೊಲ್ಲಲು ಬಳಸಿಕೊಂಡಿದ್ದಳು. ಬಟ್ಟಲಿನ ಕೆಳಗೆ ಇಟ್ಟ ಚೀಟಿ ಜನರನ್ನು ಉಳಿಸಿತು, ಅದೇ ಕೈ ಕೊಟ್ಟ ಹೆಸರುಗಳು ಸ್ಮಶಾನ ಸೇರಿದವು.

ಆಮೇಲೆ ಅಡಾಮಾ ಒಂದು ಬಣದ ಸೈಲಾನ್‌ಗಳ ಜೊತೆ ಸ್ನೇಹ ಮಾಡಿಕೊಂಡು, ಅವರ ಯಂತ್ರಗಳನ್ನು ಎಲ್ಲ ಹಡಗುಗಳಿಗೂ ಕೂರಿಸಲು ಹೊರಡುತ್ತಾರೆ. ಗೇಟಾ ಇಲ್ಲ ಅನ್ನುತ್ತಾನೆ. ಟಾಮ್ ಜಾರೆಕ್ ಎಂಬ ರಾಜಕಾರಣಿಯ ಜೊತೆ ಸೇರಿ ದಂಗೆ ಎಬ್ಬಿಸುತ್ತಾನೆ. ಈ ಜಾರೆಕ್ ಆಗಿ ನಟಿಸಿದ ರಿಚರ್ಡ್ ಹ್ಯಾಚ್ 1978ರ ಸರಣಿಯ ನಾಯಕರಲ್ಲೊಬ್ಬರು. ದಂಗೆಯ ನಡುವೆಯೂ ಗೇಟಾ ಏನು ಕೇಳುತ್ತಾನೆ ಗೊತ್ತಾ? ಅಡಾಮಾನ ವಿಚಾರಣೆ ನಡೆಯಬೇಕು, ಅವರಿಗೆ ವಕೀಲ ಬೇಕು. ತನಗೆ ಯಾವುದು ಸಿಗಲಿಲ್ಲವೋ ಅದನ್ನೇ ಶತ್ರುವಿಗೆ ಕೊಡಲು ನೋಡುತ್ತಾನೆ. ಜಾರೆಕ್‌ಗೆ ಅದೆಲ್ಲ ಬೇಕಿಲ್ಲ. ಒಪ್ಪದ ಜನಪ್ರತಿನಿಧಿಗಳನ್ನು ಒಂದೇ ಕೋಣೆಯಲ್ಲಿ ಗುಂಡಿಟ್ಟು ಕೊಲ್ಲಿಸುತ್ತಾನೆ. ಗೇಟಾ ಆ ಹೆಣಗಳ ಮುಂದೆ ನಿಂತು ಕುಸಿದುಹೋಗುತ್ತಾನೆ. ಕೊನೆಗೆ ತಾನೇ ಗುಂಡು ನಿಲ್ಲಿಸಿ ಅಂತ ಆದೇಶ ಕೊಡುತ್ತಾನೆ. ಅವನಿಗೂ ಜಾರೆಕ್‌ಗೂ ಮರಣದಂಡನೆಯಾಗುತ್ತದೆ. ಸಾಯುವ ಮುಂಚೆ ಅವನ ಜೊತೆ ಕೂತು ಕಾಫಿ ಕುಡಿದು ಮಾತಾಡುವವನು ಬಾಲ್ಟಾರ್. ಯಾರ ವಿರುದ್ಧ ಸುಳ್ಳು ಹೇಳಿದ್ದನೋ, ಅವನಿಗೇ ಗೇಟಾ ಯಾರು ಅಂತ ಚೆನ್ನಾಗಿ ಗೊತ್ತಿತ್ತು.

ಸರಣಿ ಮುಗಿಯುವ ಮೂರು ದಿನ ಮುಂಚೆ, 2009ರ ಮಾರ್ಚ್ 17ರಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಇದರ ಬಗ್ಗೆ ಒಂದು ಚರ್ಚೆ ನಡೆಯಿತು. ಮೂರ್, ಐಕ್, ಮೆಕ್‌ಡಾನೆಲ್, ಅಡಾಮಾ ಪಾತ್ರದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ವೇದಿಕೆಯಲ್ಲಿದ್ದರು. ನಡೆಸಿಕೊಟ್ಟವರು ನಟಿ ವೂಪಿ ಗೋಲ್ಡ್‌ಬರ್ಗ್. ಮಾನವಹಕ್ಕು, ಭಯೋತ್ಪಾದನೆ, ಯುದ್ಧದಲ್ಲಿ ಸಿಕ್ಕ ಮಕ್ಕಳು, ಸಾಮರಸ್ಯ, ಇವು ವಿಷಯಗಳು. ಕೇಳಲು ಪ್ರೌಢಶಾಲೆಯ ಮಕ್ಕಳೂ ಬಂದಿದ್ದರು. ಮನುಷ್ಯರನ್ನು ಬೇರೆ ಬೇರೆ ಜನಾಂಗ ಅಂತ ಯಾಕೆ ಒಡೆಯುತ್ತೀರಿ, ಇರುವುದು ಒಂದೇ ಜನಾಂಗ ಅಂತ ಓಲ್ಮೋಸ್ ಕೂಗಿ ಹೇಳಿದರು. ಕೊನೆಗೆ ‘ಸೋ ಸೇ ವಿ ಆಲ್’ ಎಂಬ ಸರಣಿಯ ಪ್ರಸಿದ್ಧ ಘೋಷಣೆಯನ್ನು ಅವರು ಕೂಗಿದಾಗ ಸಭೆಯೂ ದನಿಗೂಡಿಸಿತು. ಅದರ ವಿಡಿಯೋ ನೋಡಿದಾಗೆಲ್ಲ ನನಗೆ ಕುರ್ಚಿಯಿಂದ ಎದ್ದು ನಿಲ್ಲಬೇಕು ಅನ್ನಿಸುತ್ತದೆ.

ಈಗ ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: “ಇದು ಅಮೆರಿಕದವರು ಅಮೆರಿಕದ ಬಗ್ಗೆ ಮಾಡಿಕೊಂಡ ಸರಣಿ. ನಮಗೇನು ಸಂಬಂಧ ಸಾರ್?”

ಒಳ್ಳೆಯ ಪ್ರಶ್ನೆ. ಫೋಟೋ ಗೋಡೆ, ಜೈಲಿನ ಹಿಂಸೆ, ಇವೆಲ್ಲ ಅವರದೇ, ಒಪ್ಪುತ್ತೇನೆ. ಆದರೆ ಮತಪತ್ರ ಎಣಿಸುವ ಕೆಲಸ ಎಲ್ಲ ಕಡೆ ಇದೆ. ನಮ್ಮಲ್ಲಿ ಚುನಾವಣೆ ನಡೆಸುವವರು ಯಾರು? ಶಾಲೆ ಮೇಷ್ಟ್ರು, ಬ್ಯಾಂಕಿನವರು, ತಾಲ್ಲೂಕು ಕಚೇರಿಯ ನೌಕರರು. ಇವಿಎಂ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಹೋಗಿ, ಶಾಲೆಯ ಬೆಂಚಿನ ಮೇಲೆ ರಾತ್ರಿ ಮಲಗಿ, ಬೆಳಗ್ಗೆ ಐದಕ್ಕೆ ಏಳುವವರು. ಅವರ ಹೆಸರು ಯಾರೂ ಕೇಳುವುದಿಲ್ಲ. ಈ ಸಭೆಯಲ್ಲೇ ಆ ಕೆಲಸ ಮಾಡಿದವರು ಇರಬಹುದು. ಅಂಥವರೊಬ್ಬರನ್ನು ಕತೆಯ ನಡುವೆ ನಿಲ್ಲಿಸಿ, ಅವರು ಮುರಿದುಹೋದರೆ ಏನಾಗುತ್ತದೆ ಅಂತ ಕೊನೆತನಕ ತೋರಿಸಿದ ಸರಣಿ ನನಗೆ ಗೊತ್ತಿರುವ ಹಾಗೆ ಇದೊಂದೇ. ಅದಕ್ಕೇ ನಮಗೂ ಸಂಬಂಧ ಇದೆ.

ಇನ್ನೊಬ್ಬರು, ಕಾಲೇಜು ಹುಡುಗಿ: “ಎಲ್ಲಿಂದ ಶುರುಮಾಡಲಿ ಸಾರ್? ತುಂಬಾ ಉದ್ದ ಇದೆ ಅಲ್ವಾ?”

ಉದ್ದ ಇದೆ ಅಮ್ಮಾ, ಆದರೆ ಬಿಟ್ಟು ಬಿಟ್ಟು ನೋಡಬೇಡ. ಮೊದಲು 2003ರ ಕಿರುಸರಣಿ. ಅದನ್ನು ಬಿಟ್ಟರೆ ಯಾರು ಯಾರು ಅಂತಲೇ ತಿಳಿಯುವುದಿಲ್ಲ. ಆಮೇಲೆ ‘33’ರಿಂದ ಸಾಲಾಗಿ ಹೋಗು. ಮೂರನೇ ವರ್ಷದ ಮಧ್ಯದಲ್ಲಿ ಒಂದೆರಡು ಸಂಚಿಕೆ ಸಪ್ಪೆ ಇವೆ, ಸಹಿಸಿಕೋ. ಅದರ ನಡುವೆಯೇ ‘ಡರ್ಟಿ ಹ್ಯಾಂಡ್ಸ್’ ಅಂತ ಒಂದು ಬರುತ್ತದೆ. ಇಂಧನ ತಯಾರಿಸುವ ಹಡಗಿನ ಕಾರ್ಮಿಕರ ಮುಷ್ಕರದ ಕತೆ. ಅಪ್ಪ ಮಾಡಿದ ಕೆಲಸವೇ ಮಗನಿಗೆ ಗಂಟುಬೀಳುವುದರ ಬಗ್ಗೆ ಅದರಲ್ಲಿ ಮಾತಿದೆ. ಅದನ್ನು ಎರಡು ಸಲ ನೋಡು. ನಾಲ್ಕನೇ ವರ್ಷದ ದಂಗೆಯ ಎರಡು ಸಂಚಿಕೆಗೆ ಮುಂಚೆ ಆ ಹತ್ತು ಪುಟ್ಟ ಭಾಗಗಳನ್ನು ಮರೆಯದೆ ನೋಡಬೇಕು. ಇಲ್ಲದಿದ್ದರೆ ಗೇಟಾ ಯಾಕೆ ಅಷ್ಟು ದೂರ ಹೋದ ಅಂತ ಗೊತ್ತಾಗುವುದೇ ಇಲ್ಲ. ನೋಡಿದ ಮೇಲೆ ಬಾ, ಕೂತು ಜಗಳ ಆಡೋಣ. ನನ್ನ ಮಾತೆಲ್ಲ ಒಪ್ಪಬೇಕಾಗಿಲ್ಲ. ಅಡಾಮಾ ಅವನಿಗೆ ಮರಣದಂಡನೆ ಕೊಟ್ಟದ್ದು ಸರಿಯೇ ಅನ್ನುವುದರ ಬಗ್ಗೆ ನನ್ನ ಗೆಳೆಯರಲ್ಲೇ ಇವತ್ತಿಗೂ ಒಮ್ಮತ ಇಲ್ಲ.